ಮೂವತ್ತು ಸೆಕೆಂಡಿನ ಜಗಳ

ಸೆಪ್ಟೆಂಬರ್ 13, ಶನಿವಾರ

ರಜೆಯ ದಿನ ಬೆಳಿಗ್ಗೆ ಎಂಟಕ್ಕೆ ಮೀಟಿಂಗ್ ಕರೆಯುವವರನ್ನು ಮನೆಯಲ್ಲಿ ಯಾರೂ ಮಾತಾಡಿಸುವುದಿಲ್ಲವೋ ಏನೋ. ದುಬೈಯ ಹತ್ತು ಶಾಲೆಗಳ ಪಿ.ಇ. ಟೀಚರುಗಳು ಕಣ್ಣುಜ್ಜಿಕೊಂಡು ಕೂತಿದ್ದೆವು. ನಮ್ಮ ಹುಡುಗಿಯರ ಬಾಸ್ಕೆಟ್‌ಬಾಲ್ ಲೀಗ್ ನಡೆಸುವ ಸಮಿತಿಯ ಕಾರ್ಯದರ್ಶಿ ಶಾಮಸುಂದರ ಸರ್ ಮಾತ್ರ ಮದುವೆಗೆ ಹೊರಟವರ ಹಾಗೆ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದರು.

ಎರಡು ವಿಷಯ. ಒಂದು, ನಾವು ಪ್ರತಿವರ್ಷ ಆಡುವ ಒಳಾಂಗಣದ ಛಾವಣಿ ರಿಪೇರಿಯಲ್ಲಿದೆ, ಈ ವರ್ಷ ಸಿಗುವುದಿಲ್ಲ. "ಜಾಗ ಎಲ್ಲಾದ್ರೂ ಹೊಂದಿಸ್ತೀನಿ, ನೀವು ಟೆನ್ಷನ್ ತಗೋಬೇಡಿ" ಎಂದರು. ಅವರು ಹಾಗೆ ಹೇಳಿದಾಗಲೇ ನನಗೆ ಟೆನ್ಷನ್ ಶುರುವಾಗುವುದು.

ಎರಡನೆಯದು ಶಾಟ್ ಕ್ಲಾಕ್. ನಾವೆಲ್ಲ ನಿನ್ನೆ ಹುಟ್ಟಿದವರೆಂಬಂತೆ ವಿವರಿಸಿದರು: ಚೆಂಡು ಸಿಕ್ಕಿದ ತಂಡ ಇಂತಿಷ್ಟು ಸೆಕೆಂಡಿನೊಳಗೆ ಬಾಸ್ಕೆಟ್‌ಗೆ ಎಸೆಯಲೇಬೇಕು, ಇಲ್ಲವಾದರೆ ಬಜರ್ ಹೊಡೆದು ಚೆಂಡನ್ನು ಎದುರು ತಂಡಕ್ಕೆ ಕೊಡುವುದು. ದೊಡ್ಡವರ ಆಟದಲ್ಲಿ ಇದೆ, ಇರಲಿ. ಶಾಲೆಯ ಮಕ್ಕಳಿಗೆ ಯಾಕೆ? ವಿಷಯ ತಂದವಳು ಶಾಹಿನ. ಮಂಗಳೂರಿನವಳು, ನನ್ನ ಜೊತೆಯಲ್ಲೇ ಬಿ.ಪಿ.ಎಡ್. ಮಾಡಿದವಳು. ಅವಳ ತಂಡದ ಹುಡುಗಿಯರು ಒಬ್ಬೊಬ್ಬರೂ ತೆಂಗಿನ ಮರ. ನನ್ನವರು ಬಸ್ಸಿನ ಮೇಲಿನ ಕಂಬಿ ಹಿಡಿಯಲು ತುದಿಗಾಲಲ್ಲಿ ನಿಲ್ಲುವವರು. ಎತ್ತರದವರ ಎದುರು ಗೆಲ್ಲಲು ನನಗೆ ಗೊತ್ತಿರುವುದು ಒಂದೇ ದಾರಿ. ಎರಡು ಪಾಯಿಂಟ್ ಮುಂದೆ ಹೋಗು, ಆಮೇಲೆ ಚೆಂಡನ್ನು ನಮ್ಮನಮ್ಮಲ್ಲೇ ದಾಟಿಸುತ್ತಾ ಕೂರು. ಚೆಂಡು ನಮ್ಮ ಕೈಯಲ್ಲಿದ್ದರೆ ಅವರು ಬಾಸ್ಕೆಟ್ ಹಾಕುವುದು ಹೇಗೆ? ಕಳೆದ ವರ್ಷ ಸೆಮಿಫೈನಲ್ಲಿನ ಕೊನೆಯ ಕ್ವಾರ್ಟರ್ ಪೂರ್ತಿ ಹಾಗೆ ಕಳೆದು ಶಾಹಿನಳನ್ನು ಮನೆಗೆ ಕಳಿಸಿದೆ. ಅದಕ್ಕೇ ಈ ಶಾಟ್ ಕ್ಲಾಕ್.

"ನಿನ್ನ ಮೇಲೆ ಸಿಟ್ಟಲ್ಲ ಮಾರಾಯ್ತಿ" ಎಂದಳು. "ನೋಡ್ಲಿಕ್ಕೆ ಬಂದ ಪೇರೆಂಟ್ಸ್ ನಿದ್ದೆ ಮಾಡ್ತಾರೆ."

"ನಿದ್ದೆ ಮಾಡುವವರಿಗೆ ಮನೆಯಲ್ಲಿ ಮಂಚ ಇಲ್ವಾ?" ಎಂದೆ.

ಕೈ ಎತ್ತಿಸಿದರು. ನನ್ನ ಪರ ನಾನೂ, ಏನು ನಡೆಯುತ್ತಿದೆಯೆಂದು ಕೇಳಿಸಿಕೊಳ್ಳದ ಇನ್ನೊಬ್ಬರೂ. ಕೊನೆಗೆ ಶಾಮಸುಂದರ ಸರ್ ರಾಜಿ ಮಾಡಿದರಂತೆ: ದೊಡ್ಡವರ ಇಪ್ಪತ್ನಾಲ್ಕು ಸೆಕೆಂಡ್ ಬೇಡ, ಮೂವತ್ತು ಇರಲಿ. ಈ ವರ್ಷ ಪ್ರಯೋಗ, ಲೀಗ್ ಮುಗಿದ ಮೇಲೆ ಖಾಯಂ ತೀರ್ಮಾನ. ನೇಣಿನ ಹಗ್ಗ ಸ್ವಲ್ಪ ಉದ್ದ ಬಿಟ್ಟಿದ್ದಾರೆ, ಅಷ್ಟೇ.

ಸೆಪ್ಟೆಂಬರ್ 22, ಸೋಮವಾರ

ಪ್ರಿನ್ಸಿಪಾಲ್ ಮೆಹರುನ್ನಿಸ ಮೇಡಂ ಕರೆಸಿದರು. ಶಾಲೆಗೆ ಇದು ಇಪ್ಪತ್ತೈದನೇ ವರ್ಷ. ಜನವರಿಯ ಸಮಾರಂಭಕ್ಕೆ ವೇದಿಕೆಯ ಮೇಲೆ ಲೀಗ್ ಟ್ರೋಫಿ ಇರಬೇಕೆಂದು ಅವರ ಆಸೆ. ಕಳೆದ ವರ್ಷ ಫೈನಲ್ ತನಕ ಹೋಗಿದ್ದೇವಲ್ಲ, ಇನ್ನೊಂದೇ ಹೆಜ್ಜೆ ಎಂದರು. ಕ್ರೀಡಾ ವಿಭಾಗದ ಮುಖ್ಯಸ್ಥರ ಹುದ್ದೆ ಏಪ್ರಿಲ್‌ನಲ್ಲಿ ಖಾಲಿಯಾಗುತ್ತದೆ, ನನ್ನ ಹೆಸರು ಮನಸ್ಸಿನಲ್ಲಿದೆ ಎಂದೂ ಹೇಳಿದರು. ಶಾಟ್ ಕ್ಲಾಕ್ ವಿಷಯ ಹೇಳಿದೆ. "ನೀವು ಏನಾದರೂ ಉಪಾಯ ಮಾಡುತ್ತೀರಿ" ಎಂದು ನಕ್ಕರು. ಎಂತ ಉಪಾಯ? ಹುಡುಗಿಯರನ್ನು ಹಗ್ಗಕ್ಕೆ ಕಟ್ಟಿ ಎಳೆದು ಉದ್ದ ಮಾಡಲೋ?

ಸಂಜೆ ಅಂಗಳದ ಕೋರ್ಟಿನಲ್ಲಿ ಅಭ್ಯಾಸ. ಸಿಮೆಂಟು ಇನ್ನೂ ದೋಸೆ ಕಾವಲಿ. ಬಸ್ಸು ಹೊರಡುವ ಮೊದಲು ಸಿಗುವುದು ಮುಕ್ಕಾಲು ಗಂಟೆ. ಅದರಲ್ಲಿ ಕಾಲು ಗಂಟೆ ನೀರು ಕುಡಿಯಲು. ಚೆಂಡು ಹಿಡಿದಿಟ್ಟುಕೊಳ್ಳುವುದನ್ನೇ ಮಾಡಿಸಿದೆ, ಆದರೆ ಇಪ್ಪತ್ತೆಂಟನೇ ಸೆಕೆಂಡಿಗೆ ಒಂದು ಎಸೆತ. ಉಪಾಯವೆಂದರೆ ಇದೇ.

ಅಕ್ಟೋಬರ್ 11, ಶನಿವಾರ

ಮೊದಲ ಮ್ಯಾಚು. ಎಲ್ಲಿ? ಅಲ್ ಮುರಕ್ಕಬಾತಿನ ಒಂದು ಮದುವೆ ಹಾಲ್‌ನಲ್ಲಿ!

ಶಾಮಸುಂದರ ಸರ್ ಹೆಮ್ಮೆಯಿಂದ ಬಾಗಿಲಲ್ಲಿ ನಿಂತಿದ್ದರು. ಒಳಗೆ ನೆಲಕ್ಕೆ ರಬ್ಬರ್ ಹಾಸು, ಎರಡು ತುದಿಗೆ ಚಕ್ರವಿರುವ ಬಾಸ್ಕೆಟ್ ಕಂಬ, ನೆತ್ತಿಯ ಮೇಲೆ ಗಾಜಿನ ಗೊಂಚಲು ದೀಪಗಳು. ನಿನ್ನೆ ರಾತ್ರಿಯ ಬಿರಿಯಾನಿ ವಾಸನೆ ಇನ್ನೂ ಹೋಗಿರಲಿಲ್ಲ. ವೇದಿಕೆಯ ಮೇಲೆ ಮದುಮಕ್ಕಳ ಬಂಗಾರದ ಬಣ್ಣದ ಸೋಫಾ ಹಾಗೇ ಇತ್ತು. ಅದರಲ್ಲಿ ನನ್ನ ಗಂಡ ಲತೇಶ್ ಮತ್ತು ನಮ್ಮ ತಂಡದ ಜೋಯ್ಲಿನ್‌ನ ಅಪ್ಪ ಅಕ್ಕಪಕ್ಕ ಕೂತಿದ್ದರು. ನೋಡಿದವರು ಉಡುಗೊರೆ ಕೊಡಬೇಕು, ಹಾಗೆ.

"ಸರ್, ಚೆಂಡು ದೀಪಕ್ಕೆ ತಾಗಿದರೆ?" ಎಂದೆ.

"ಮೆಲ್ಲಗೆ ಎಸೀರಿ ಅಂತ ಮಕ್ಕಳಿಗೆ ಹೇಳಿ ಮೇಡಂ."

ತಾಗಿತು. ಎರಡು ಸಲ. ಆದರೆ ನಮ್ಮನ್ನು ಸೋಲಿಸಿದ್ದು ದೀಪವಲ್ಲ, ಬಜರ್. ಕೆಂಪು ಅಂಕಿ ಇಳಿಯುವುದನ್ನು ನೋಡಿದರೆ ಸಾಕು, ನನ್ನ ಹುಡುಗಿಯರು ಗಾಬರಿ ಬೀಳುತ್ತಿದ್ದರು. ಇಪ್ಪತ್ತೆಂಟನೇ ಸೆಕೆಂಡಿಗೆ ಎಸೆಯಲು ಹೇಳಿದ್ದು ನಾನೇ. ಇಪ್ಪತ್ತೆಂಟಕ್ಕೆ ಕಣ್ಣುಮುಚ್ಚಿ ಎಸೆದರು. ಉದ್ದದ ಹುಡುಗಿ ಅಂತ ನಮ್ಮಲ್ಲಿರುವುದು ಆನ್ ಮರಿಯಾ ಒಬ್ಬಳೇ. ಅವಳು ಅಂಕಿ ನೋಡುತ್ತಾ ನಿಂತು, ಎದೆಗೇ ಬಂದ ಚೆಂಡನ್ನು ಬಿಟ್ಟಳು. ಹದಿನಾಲ್ಕು ಪಾಯಿಂಟಿನಿಂದ ಸೋಲು.

ಶಾಹಿನ ತನ್ನ ಮ್ಯಾಚಿಗೆ ಕಾಯುತ್ತಾ ಕೂತಿದ್ದಳು. ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು.

ಅಕ್ಟೋಬರ್ 13, ಸೋಮವಾರ

ಇವತ್ತು ಏನಾಯಿತೆಂದು ಬರೆಯದೆ ಮಲಗಿದರೆ ನಿದ್ದೆ ಬರುವುದಿಲ್ಲ.

ಸಮಿತಿಯವರು ಆಟಗಾರ್ತಿಯರ ಅಭಿಪ್ರಾಯ ಕೇಳಿದ್ದರಂತೆ. ಶಾಟ್ ಕ್ಲಾಕ್ ಬೇಕೋ ಬೇಡವೋ. ಫಲಿತಾಂಶ ಕಳಿಸಿದ್ದಾರೆ. ನನ್ನ ಶಾಲೆ: ಎಲ್ಲರೂ ಬೇಕು. ಎಲ್ಲರೂ! ನಾನು ಇವರಿಗಾಗಿ ಅಲ್ಲಿ ಕೂತು ಬಾಯಿ ಒಣಗಿಸಿಕೊಂಡು ಜಗಳವಾಡಿದ್ದು.

ಅಭ್ಯಾಸಕ್ಕೆ ಮೊದಲು ಸಾಲಾಗಿ ನಿಲ್ಲಿಸಿ ಕೇಳಿದೆ. ಎಲ್ಲರೂ ಬೂಟು ನೋಡಿಕೊಂಡರು. ಕ್ಯಾಪ್ಟನ್ ಅಕ್ಷಿತಾ ಮುಂದೆ ಬಂದಳು. ಕಾಪುವಿನವರ ಮಗಳು, ಹುಟ್ಟಿದ್ದು ಇಲ್ಲೇ. ಸಿಟ್ಟು ಬಂದಾಗ ಮಾತ್ರ ಅವಳ ಬಾಯಲ್ಲಿ ಕನ್ನಡ ಬರುವುದು.

"ಮ್ಯಾಮ್, ಇಟ್ಸ್ ಬೋರಿಂಗ್."

"ಎಂತ ಬೋರಿಂಗ್? ಗೆಲ್ಲುವುದಾ?"

"ಗೆದ್ದದ್ದು ನಾವಾ? ಲಾಸ್ಟ್ ಇಯರ್ ಇಡೀ ಲೀಗ್‌ನಲ್ಲಿ ನಾನು ಆರು ಸಲ ಶೂಟ್ ಮಾಡಿದ್ದು ಮ್ಯಾಮ್. ಆರು. ಉಳಿದ ಟೈಮೆಲ್ಲ ಚೆಂಡು ಹಿಡ್ಕೊಂಡು ನಿಮ್ಮ ಮುಖ ನೋಡುದು. ನೆಕ್ಸ್ಟ್ ಇಯರ್ ಟ್ವೆಲ್ತ್, ಅಮ್ಮ ಆಡ್ಲಿಕ್ಕೆ ಬಿಡುದಿಲ್ಲ. ನಂಗೆ ಇದೇ ಲಾಸ್ಟ್."

ಅಷ್ಟಕ್ಕೆ ನಿಲ್ಲಿಸಿದ್ದರೆ ಆಗುತ್ತಿತ್ತು. "ಹೀಗೇ ಆಡುವುದಾದ್ರೆ ಖಲಾಸ್, ನಾನು ಬರುದಿಲ್ಲ" ಎಂದು ಕ್ಯಾಪ್ಟನ್ ಪಟ್ಟಿಯನ್ನು ತೋಳಿನಿಂದ ಕಳಚಿ ಬೆಂಚಿನ ಮೇಲಿಟ್ಟಳು.

ಹನ್ನೊಂದನೇ ಕ್ಲಾಸಿನವಳು ನನಗೆ ಖಲಾಸ್ ಹೇಳುವುದು! ಹೋಗು ಎಂದೆ. ಹೋದಳು.

ಲತೇಶ್‌ಗೆ ಹೇಳಿದರೆ, "ಅವಳು ಹೇಳಿದ್ದರಲ್ಲಿ ತಪ್ಪೇನುಂಟು?" ಎಂದರು. ಆ ಬಂಗಾರದ ಸೋಫಾದಲ್ಲಿ ಕೂತದ್ದೇ ಕೂತದ್ದು, ಇವರಿಗೂ ಆಟದ ಬಗ್ಗೆ ಅಭಿಪ್ರಾಯ ಬಂದಿದೆ.

ಅಕ್ಟೋಬರ್ 25, ಶನಿವಾರ

ಅಲ್ ಕೂಝ್‌ನ ಗೋದಾಮು. ಸುತ್ತಲೂ ಟೈಲ್ಸ್ ಪೆಟ್ಟಿಗೆಗಳು ಛಾವಣಿಯವರೆಗೆ. ಫೋರ್ಕ್‌ಲಿಫ್ಟ್ ಒಂದು ಮೂಲೆಯಲ್ಲಿ ಸರಕು ಇಳಿಸುತ್ತಲೇ ಇತ್ತು. ಅದು ಹಿಂದೆ ಸರಿಯುವಾಗ ಮಾಡುವ ಕೀಂ ಕೀಂ ಸದ್ದಿಗೆ ನನ್ನ ಹುಡುಗಿಯರು ಶಾಟ್ ಕ್ಲಾಕ್ ಎಂದುಕೊಂಡು ಎಸೆದುಬಿಟ್ಟರು. ಶಾಮಸುಂದರ ಸರ್ ಹತ್ತಿರ ಹೋಗಿ ಹೇಳಿದರೆ, "ಜಾಗ ಕೊಟ್ಟಿದ್ದೇ ಪುಣ್ಯ ಕಣ್ರೀ" ಎಂದರು.

ಅಕ್ಷಿತಾ ಇಲ್ಲ. ಗೆದ್ದೆವು, ಹೇಗೋ. ಎದುರು ತಂಡ ನಮಗಿಂತ ಕಡೆ.

ನವೆಂಬರ್ 4, ಮಂಗಳವಾರ

ಮೊಸರು ತರಲು ಇಳಿದಿದ್ದೆ. ನಮ್ಮ ಅಲ್ ನಹ್ದಾದಲ್ಲಿ ಅಕ್ಷಿತಾಳ ಕಟ್ಟಡ ನಮ್ಮದರ ಹಿಂದಿನ ಬೀದಿಯಲ್ಲೇ. ಅದರ ಪಾರ್ಕಿಂಗ್ ಮಹಡಿಯ ಮೇಲಿಂದ ಚೆಂಡು ಪುಟಿಯುವ ಸದ್ದು ಬಂತು. ಚೆಂಡಿನ ಸದ್ದು ಕೇಳಿದರೆ ನನ್ನ ಕಾಲು ನಿಲ್ಲುವುದಿಲ್ಲ, ಏನು ಮಾಡಲಿ. ರ‍್ಯಾಂಪ್ ಹತ್ತಿದೆ.

ಕಾರುಗಳ ಆಚೆ, ಗೋಡೆಗೆ ಯಾರೋ ಎಂದೋ ಜಡಿದ ತುಕ್ಕು ಹಿಡಿದ ರಿಂಗ್. ಅದರ ಕೆಳಗೆ ನನ್ನ ಇಡೀ ತಂಡ. ಆನ್ ಮರಿಯಾ, ಹಿತಾ, ಎಲ್ಲರೂ. ಅಕ್ಷಿತಾ ಕೂಡ. ಕುಳ್ಳಿ ಜೋಯ್ಲಿನ್ ಒಂದು ಕಾರಿನ ಪಕ್ಕ ನಿಂತು ಗಂಟಲು ಹರಿಯುವಂತೆ ಮೂವತ್ತರಿಂದ ಕೆಳಗೆ ಎಣಿಸುತ್ತಿದ್ದಳು. ಮಧ್ಯೆ ಒಂದು ವಿಮಾನ ತಗ್ಗಿನಲ್ಲಿ ಹಾದುಹೋಯಿತು. ಅವಳ ಲೆಕ್ಕ ಕೇಳಲಿಲ್ಲ, ಆದರೂ ಆಟ ನಿಲ್ಲಲಿಲ್ಲ. ಹಿತಾ ಕಂಬದ ಹಿಂದಿನಿಂದ ಓಡಿಬಂದಳು, ಅಕ್ಷಿತಾ ನೋಡದೆಯೇ ಚೆಂಡು ಕೊಟ್ಟಳು, ಅದು ಆನ್ ಮರಿಯಾಳಿಗೆ ಹೋಗಿ ರಿಂಗಿನೊಳಗೆ ಬಿತ್ತು. ಇನ್ನೂ ಸಮಯ ಬಾಕಿ ಇತ್ತು. ಇದನ್ನು ಇವರಿಗೆ ಯಾರು ಕಲಿಸಿದರು? ನಾನಂತೂ ಅಲ್ಲ.

ಬೈಯಬೇಕೆಂದೇ ಹೋದವಳು. ಲೀಗ್ ನಡೆಯುವಾಗ ಕೋಚ್‌ಗೆ ಹೇಳದೆ ಹೀಗೆ ಸಿಮೆಂಟಿನ ಮೇಲೆ ಹಾರಿ ಮೊಣಕಾಲು ಕೆಡಿಸಿಕೊಂಡರೆ ಯಾರು ಹೊಣೆ? ಆದರೆ ಕೈಯಲ್ಲಿ ಮೊಸರಿನ ಡಬ್ಬಿ ಹಿಡಿದುಕೊಂಡು ಬೈಯುವುದು ಹೇಗೆ. ನನ್ನನ್ನು ನೋಡಿ ಎಲ್ಲ ಕಲ್ಲಾದರು.

"ಆನ್ ಮರಿಯಾ, ಹಾರುವಾಗ ಬಲಗಾಲು ಮೊದಲು" ಎಂದೆ. ಬಾಯಿಗೆ ಬಂದದ್ದು ಅದೇ.

ಅಕ್ಷಿತಾ ಚೆಂಡು ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. "ನಾಳೆ ಅಭ್ಯಾಸ ಉಂಟು. ನಾಲ್ಕಕ್ಕಲ್ಲ, ಮೂರೂಮುಕ್ಕಾಲಿಗೆ" ಎಂದು ಅವಳಿಗೆ ಕೇಳುವ ಹಾಗೆ ಹೇಳಿ ಇಳಿದೆ.

ಮನೆಗೆ ಬಂದ ಮೇಲೆ ನೋಡಿದರೆ ಮೊಸರು ಬೆಚ್ಚಗಾಗಿತ್ತು. ತಡವಾಯಿತೆಂದು ಲತೇಶ್‌ನ ಗೊಣಗಾಟ ಬೇರೆ.

ನವೆಂಬರ್ 5, ಬುಧವಾರ

ಬಂದಳು. ಪಟ್ಟಿ ಬೆಂಚಿನ ಮೇಲಿಟ್ಟಿದ್ದೆ. ಕಟ್ಟಿಕೊಂಡಳು. ಸೀಟಿ ಊದಿದೆ, ಅಭ್ಯಾಸ ಶುರು.

ನವೆಂಬರ್ 15, ಶನಿವಾರ

ಸೆಮಿಫೈನಲ್ ಗೆದ್ದೆವು. ಮತ್ತೆ ಆ ಮದುವೆ ಹಾಲ್. ಈ ಸಲ ಗೊಂಚಲಿನ ಒಂದು ಗಾಜು ಕೆಳಗೇ ಬಿತ್ತು, ಆಟ ಅರ್ಧ ಗಂಟೆ ನಿಂತಿತು. ಶಾಮಸುಂದರ ಸರ್ ಸ್ವತಃ ಪೊರಕೆ ಹಿಡಿದು ಗುಡಿಸಿದರು. ಇಸ್ತ್ರಿ ಅಂಗಿ ತೊಟ್ಟೇ.

ಫೈನಲ್ ಶಾಹಿನಳ ಜೊತೆ. ಜಾಗ ಅಬುಧಾಬಿಯ ಒಂದು ಮಾಲ್. ಮಾಲ್‌ನಲ್ಲಿ ಎಲ್ಲಿ ಎಂದು ಕೇಳಿದೆ. "ಐಸ್ ಸ್ಕೇಟಿಂಗ್ ಮಾಡ್ತಾರಲ್ಲ, ಅದರ ಮೇಲೆ. ಹಲಗೆ ಹಾಸಿ ಕೊಡ್ತಾರೆ ಮೇಡಂ, ನೀಟಾಗಿರುತ್ತೆ."

ನನಗೆ ಇನ್ನು ಆಶ್ಚರ್ಯಪಡುವ ಶಕ್ತಿಯಿಲ್ಲ. ಮುಂದಿನ ವರ್ಷ ಬುರ್ಜಿನ ಲಿಫ್ಟಿನಲ್ಲಿ ಆಡಿಸಲಿ.

ನವೆಂಬರ್ 22, ಶನಿವಾರ

ಈಗಷ್ಟೇ ಮನೆಗೆ ಬಂದೆ. ಗಂಟಲಿನಲ್ಲಿ ದನಿಯಿಲ್ಲ, ಬರೆಯಲು ದನಿ ಬೇಡವಲ್ಲ.

ಹಲಗೆಯೇನೋ ಹಾಸಿದ್ದರು. ಕೆಳಗಿನ ಮಂಜುಗಡ್ಡೆಯ ತಂಪು ಬೂಟಿನೊಳಗೆ ಏರುತ್ತಿತ್ತು. ಹಲಗೆಗಳ ಸಂದಿಯಲ್ಲಿ ನೀರು ಬೆವರಿ, ಹತ್ತು ನಿಮಿಷಕ್ಕೊಮ್ಮೆ ಇಬ್ಬರು ಬಟ್ಟೆ ಹಿಡಿದು ಒರೆಸುವುದು. ಸುತ್ತ ಮೂರು ಅಂತಸ್ತಿನ ಕಟಕಟೆಗೆ ಒರಗಿ, ಚೀಲ ಹಿಡಿದವರು, ಐಸ್‌ಕ್ರೀಂ ತಿನ್ನುವವರು, ಮಗುವಿನ ಗಾಡಿ ತಳ್ಳುವವರು. ನಮ್ಮನ್ನು ನೋಡಲೆಂದೇ ಬಂದವರು ಇಪ್ಪತ್ತು ಜನ, ನೋಡುತ್ತಾ ನಿಂತವರು ಇನ್ನೂರು.

ಹುಡುಗಿಯರು ಆಡಿದರು. ಅದಕ್ಕಿಂತ ಹೆಚ್ಚು ಏನು ಬರೆಯಲಿ? ಎರಡನೇ ಕ್ವಾರ್ಟರ್‌ನಿಂದಲೇ ನಾವು ಮುಂದೆ. ಕೊನೆಯ ಕ್ವಾರ್ಟರ್‌ನಲ್ಲಿ ನಾಲ್ಕು ನಿಮಿಷ ಉಳಿದಿತ್ತು, ನಾವು ಮೂರು ಪಾಯಿಂಟ್ ಮೇಲೆ. ಆಗ ಶಾಟ್ ಕ್ಲಾಕಿನ ಕೆಂಪು ಅಂಕಿ ಎರಡು ಸಲ ಮಿನುಗಿ ಆರಿತು. ಒಂದು ಕಡೆಯದು, ಆಮೇಲೆ ಇನ್ನೊಂದು ಕಡೆಯದು. ತೇವ ವೈರಿನೊಳಗೆ ಹೋಗಿತ್ತಂತೆ. ನಮ್ಮ ಶಾಲೆಯ ಹೊಸ ಪಿ.ಇ. ಟೀಚರ್ ಹರ್ಷಿತ್ ಸ್ಕೋರ್ ಮೇಜಿನಲ್ಲಿ ಕೂತಿದ್ದ. ಡಬ್ಬಿಯನ್ನು ತಟ್ಟಿದ, ಊದಿದ, ಕೊನೆಗೆ ಕೈ ಚೆಲ್ಲಿದ.

ಶಾಮಸುಂದರ ಸರ್ ನನ್ನನ್ನೂ ಶಾಹಿನಳನ್ನೂ ಮೇಜಿನ ಹತ್ತಿರ ಕರೆದರು.

"ನೋಡಿ, ಯಂತ್ರ ಕೆಟ್ರೆ ಶಾಟ್ ಕ್ಲಾಕ್ ಇಲ್ದೇನೇ ಮುಂದುವರಿಸಬೇಕು ಅಂತ ನಾವೇ ಬರ್ಕೊಂಡಿದೀವಿ. ಇಬ್ಬರೂ ಕೋಚ್ ಒಪ್ಪಿದ್ರೆ ಮಾತ್ರ ಬಾಯಲ್ಲಿ ಎಣಿಸಬಹುದು. ಏನ್ ಮಾಡೋಣ?"

ಶಾಹಿನ ನನ್ನನ್ನು ನೋಡಿದಳು. "ನಾನು ಎಂತ ಹೇಳುದು? ನಿನ್ನ ಇಷ್ಟ ದೀಪ್ತಿ."

ನಾಲ್ಕು ನಿಮಿಷ. ಶಾಟ್ ಕ್ಲಾಕ್ ಇಲ್ಲ. ಮೂರು ಪಾಯಿಂಟ್. ಚೆಂಡು ನಮ್ಮದೇ. ಹುಡುಗಿಯರು ಎರಡು ವರ್ಷದಿಂದ ಮಾಡಿದ್ದೇ ಅದನ್ನು, ಕಣ್ಣುಮುಚ್ಚಿ ಮಾಡಬಲ್ಲರು. ಟ್ರೋಫಿ ಮೇಜಿನ ಮೇಲೆಯೇ ಇತ್ತು, ಹರ್ಷಿತ್‌ನ ನೀರಿನ ಬಾಟಲಿ ಪಕ್ಕ. ತಿರುಗಿ ನೋಡಿದೆ. ಐವರೂ ಸೊಂಟಕ್ಕೆ ಕೈಕೊಟ್ಟು ಏದುಸಿರು ಬಿಡುತ್ತಿದ್ದರು. ಅಕ್ಷಿತಾಗೆ ವಿಷಯ ಗೊತ್ತಾಗಿತ್ತು. ಬೇಡ ಅನ್ನಲಿಲ್ಲ. ಹೇಳಿದಂತೆ ಮಾಡಲು ತಯಾರಾಗಿ, ನೆಲ ನೋಡುತ್ತಾ ನಿಂತಿದ್ದಳು.

"ಎಣಿಸಿ" ಎಂದೆ.

"ಏನಂದ್ರಿ?"

"ಎಣಿಸಿ ಸರ್, ಬಾಯಲ್ಲಿ. ಯಲ್ಲಾ, ಬೇಗ ಶುರು ಮಾಡಿ, ಮಕ್ಕಳಿಗೆ ಚಳಿ ಹಿಡೀತದೆ."

ಶಾಹಿನಗೆ ಮುಂದಿನ ವರ್ಷವಿಡೀ ಹಾಡಲು ಒಂದು ನೆಪ ಸಿಗಬಾರದೆಂದು ಅಷ್ಟೇ ನಾನು ಹಾಗೆ ಹೇಳಿದ್ದು.

ಹರ್ಷಿತ್ ಮಾಲ್‌ನವರ ಮೈಕ್ ಹಿಡಿದು ಎಣಿಸಿದ. ಮೊದಲ ಸಲ ಅವನೊಬ್ಬನೇ. ಎರಡನೇ ಸಲ ಕೊನೆಯ ಹತ್ತಕ್ಕೆ ನಮ್ಮ ಪೇರೆಂಟ್ಸ್ ಸೇರಿದರು. ಆಮೇಲೆ ಮೇಲಿನ ಅಂತಸ್ತುಗಳಿಂದ, ಯಾರು ಯಾರೋ, ಅರಬಿಯಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ತಂತಮ್ಮ ಭಾಷೆಯಲ್ಲಿ. ಎಂಟು, ಏಳು, ಆರು. ಇಡೀ ಕಟ್ಟಡ ಎಣಿಸುತ್ತಿತ್ತು. ಅಂಥ ಗದ್ದಲದಲ್ಲಿ ಆಡುವುದು ಹೇಗೆ ಸಾಧ್ಯ? ಅವರು ಆಡಿದರು. ಎರಡೂ ಕಡೆಯವರು. ಶಾಹಿನಳ ತೆಂಗಿನ ಮರಗಳು ಸಮ ಮಾಡಿದರು, ಜೋಯ್ಲಿನ್ ಅವರ ಕಾಲುಗಳ ನಡುವೆ ನುಗ್ಗಿ ಮತ್ತೆ ಮುಂದೆ ತಂದಳು, ಅವರು ಮತ್ತೆ ಸಮ ಮಾಡಿ ಒಂದು ಫ್ರೀ ಥ್ರೋದಿಂದ ಮೇಲೆ ಹೋದರು. ಕೊನೆಯ ಚೆಂಡು ನಮ್ಮದು. ಅಕ್ಷಿತಾ ಎದುರು ನಿಂತವಳನ್ನು ದಾಟಿ ಎದ್ದಳು. ನಾನು "ಹಾಕು!" ಎಂದು ಕಿರುಚಿದೆನಂತೆ. ಚೆಂಡು ರಿಂಗಿನ ಮೇಲೆ ಒಂದು ಸುತ್ತು ಬಂದು ಹೊರಗೆ ಬಿತ್ತು.

ಒಂದು ಪಾಯಿಂಟ್. ಒಂದು!

ಬಸ್ಸಿನಲ್ಲಿ ಅಳುತ್ತಾರೆಂದು ಟಿಶ್ಯೂ ಡಬ್ಬಿ ಇಟ್ಟುಕೊಂಡಿದ್ದೆ. ದುಬೈ ಬರುವವರೆಗೆ ಯಾರ ತಪ್ಪು, ಯಾರು ಎಲ್ಲಿ ನಿಂತಿರಬೇಕಿತ್ತು ಎಂದು ಜಗಳವೇ ಜಗಳ. ಅಕ್ಷಿತಾ ಸೀಟಿನ ಮೇಲೆ ಮಂಡಿಯೂರಿ ಎಲ್ಲರಿಗೂ ಪಾಠ ಹೇಳುತ್ತಿದ್ದಳು. ತಲೆ ಸಿಡಿದುಹೋಯಿತು.

ಲತೇಶ್, "ನೀನು ಕೊನೆಗೆ ಕುಣಿತಾ ಇದ್ದೆಯಲ್ಲ" ಎಂದರು. ಕುಣಿಯಲಿಲ್ಲ. ಕಾಲು ಮರಗಟ್ಟಿತ್ತು, ಬೆಚ್ಚಗಾಗಲಿ ಎಂದು ಹಾರಿದೆ. ಕೆಳಗೆ ಮಂಜುಗಡ್ಡೆ ಇತ್ತಲ್ಲ.

ನವೆಂಬರ್ 25, ಮಂಗಳವಾರ

ಮೆಹರುನ್ನಿಸ ಮೇಡಂ ಕೂಗಾಡಲಿಲ್ಲ. ಕೂರಿಸಿ ಚಹಾ ಕೊಟ್ಟರು. ನಿಯಮ ನಿಮ್ಮ ಪರವಾಗಿತ್ತಲ್ಲ, ಯಾಕೆ ಬಿಟ್ಟಿರಿ ಎಂದು ಕೇಳಿದರು. ಶಾಹಿನಳ ನೆಪದ ಮಾತು ಹೇಳಹೊರಟೆ, ನಾಲಿಗೆಗೆ ಬರಲಿಲ್ಲ. "ಹುಡುಗಿಯರು ಚೆನ್ನಾಗಿ ಆಡುತ್ತಿದ್ದರು ಮೇಡಂ" ಎಂದೆ. ಅದು ಉತ್ತರವಲ್ಲ ಎಂದು ಅವರ ಮುಖ ಹೇಳಿತು.

ಜನವರಿಯಿಂದ ದೊಡ್ಡ ಹುಡುಗಿಯರ ತಂಡ ಹರ್ಷಿತ್‌ಗೆ. ನನಗೆ ಪ್ರೈಮರಿ. ಮುಖ್ಯಸ್ಥರ ಹುದ್ದೆಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಚಹಾಕ್ಕೆ ಸಕ್ಕರೆ ಜಾಸ್ತಿಯಾಗಿತ್ತು.

ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಾ ಸ್ವಲ್ಪ ಅತ್ತೆ. ಲತೇಶ್ ಬಂದು ತೊಳೆದದ್ದನ್ನು ಒರೆಸಿಟ್ಟರು. ಲೋಟಗಳನ್ನೆಲ್ಲ ತಪ್ಪು ಜಾಗದಲ್ಲಿ.

ಡಿಸೆಂಬರ್ 13, ಶನಿವಾರ

ಮತ್ತೆ ರಜೆ, ಮತ್ತೆ ಎಂಟು ಗಂಟೆ, ಮತ್ತೆ ಸಮಿತಿ. ತಂಡವೇ ಇಲ್ಲದವಳನ್ನು ಯಾಕೆ ಕರೆದರೋ. ಶಾಟ್ ಕ್ಲಾಕ್ ಖಾಯಂ ಮಾಡುವ ಬಗ್ಗೆ ತೀರ್ಮಾನ. ಶಾಮಸುಂದರ ಸರ್ ಮೂವತ್ತು ಸೆಕೆಂಡ್ ಎಂದು ಬರೆಯತೊಡಗಿದರು. ನನಗೆ ತಡೆಯಲಾಗಲಿಲ್ಲ.

"ಮೂವತ್ತು ಯಾಕೆ ಸರ್? ಅರ್ಧ ಮಲಗಿ ಏಳಬಹುದು. ಮಾಡುವುದಾದರೆ ಸರಿಯಾಗಿ ಮಾಡಿ. ಇಪ್ಪತ್ನಾಲ್ಕು ಸಾಕು."

ಎಲ್ಲರೂ ನನ್ನತ್ತ ತಿರುಗಿದರು. ಶಾಹಿನಗೆ ಕಾಫಿ ನೆತ್ತಿಗೇರಿತು.

"ಎಂತ ಆಯ್ತು ನಿಂಗೆ?" ಎಂದಳು, ಕೆಮ್ಮು ನಿಂತ ಮೇಲೆ.

"ಎಂತದ್ದೂ ಆಗ್ಲಿಲ್ಲ. ನಾನು ಮೊದಲಿಂದಲೂ ಹೇಳುವುದು ಅದನ್ನೇ, ಅರೆಬರೆ ಕೆಲಸ ಮಾಡಬೇಡಿ ಅಂತ."

ನಗುವಂಥದ್ದು ಅದರಲ್ಲಿ ಏನಿತ್ತೋ.

ಜನವರಿ 14, ಬುಧವಾರ

ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಬಾಸ್ಕೆಟ್‌ಬಾಲ್ ಕಲಿಸುವುದೆಂದರೆ ಬಾತುಕೋಳಿಗಳನ್ನು ಸಾಲಿನಲ್ಲಿ ನಿಲ್ಲಿಸಿದ ಹಾಗೆ. ಅಂಗಳದ ಅರ್ಧ ನನಗೆ, ಉಳಿದರ್ಧ ಹರ್ಷಿತ್‌ಗೆ. ಅವನೇನೂ ಕೆಟ್ಟ ಕೋಚ್ ಅಲ್ಲ, ಸೀಟಿ ಮಾತ್ರ ಜಾಸ್ತಿ ಊದುತ್ತಾನೆ. ಲೀಗ್ ಮುಗಿದಿದೆ, ಅಕ್ಷಿತಾಗೆ ಇನ್ನು ಮ್ಯಾಚೇ ಇಲ್ಲ. ಆದರೂ ಬರುತ್ತಾಳೆ.

ಅವಳು ಎಸೆದ ಚೆಂಡು ಉರುಳಿ ನನ್ನ ಕಡೆ ಬಂತು. ಹೆಕ್ಕಲು ಬಂದವಳು ಗೆರೆಯ ಹತ್ತಿರ ನಿಂತಳು.

"ಮ್ಯಾಮ್, ಮೊಣಕೈ ಹೊರಗೆ ಹೋಗ್ತಾ ಉಂಟಾ?"

"ಉಂಟು."

"ತುಂಬಾ?"

"ನನ್ನನ್ನು ಎಂತಕ್ಕೆ ಕೇಳುದು? ಹೋಗಿ ಇನ್ನೊಂದು ಹಾಕಿ ನೋಡು, ನಿನಗೇ…"

ಮಾತು ಮುಗಿಯುವ ಮೊದಲೇ, ಅಲ್ಲಿಂದಲೇ, ಅರ್ಧ ಅಂಗಳದ ದೂರದಿಂದ ಎಸೆದುಬಿಟ್ಟಳು. ಒಳಗೆ ಬಿತ್ತೋ ಇಲ್ಲವೋ ನೋಡಲಾಗಲಿಲ್ಲ. ಅಷ್ಟರಲ್ಲಿ ನನ್ನ ಬಾತುಕೋಳಿಯೊಂದು ಇರುವ ಒಂದೇ ಚೆಂಡನ್ನು ಅಂಗಿಯೊಳಗೆ ತುರುಕಿಕೊಂಡು ನೀರು ಕುಡಿಯಲು ಹೊರಟಿತ್ತು. ಹಿಂದಿನಿಂದ ಅಟ್ಟಿಕೊಂಡು ಓಡಿದೆ.